ಸಣ್ಣ ವಿಮಾನದ ಕೆಲಸ

ವಿಕ್ರಂ,

ಹಿಟ್ಟು ಫ್ರಿಜ್ಜಲ್ಲಿದೆ, ಪುಟ್ಟಿಗೆ ಎರಡು ದೋಸೆ ಹುಯ್ದು ಕೊಡು. ಸಿಲಿಂಡರ್‌ನವನು ಬೆಲ್ ಮಾಡಿದರೆ ಬಾಗಿಲು ತೆಗಿ, ಫೋನ್ ನೋಡ್ತಾ ಕೂತಿರಬೇಡ.

ದೊಡ್ಡ ವಿಮಾನ ಕಂಪನಿಗೆ ನಿನ್ನೆ ರಾಜೀನಾಮೆ ಕಳಿಸಿದೆ. ಈಗ ಕೊಲ್ಹಾಪುರ, ನಾಂದೇಡ್ ಕಡೆ ಸಣ್ಣ ವಿಮಾನ ಹಾರಿಸೋ ಕಂಪನಿಗೆ ಸಹಿ ಹಾಕೋಕೆ ಹೊರಟಿದ್ದೀನಿ. "ಲಂಡನ್ ಬಿಟ್ಟು ಬಸ್ಸು ಓಡಿಸ್ತಾಳಂತೆ" ಅಂತ ನಿಮ್ಮಣ್ಣನ ಹತ್ತಿರ ಫೋನಲ್ಲಿ ನಗ್ತಿದ್ದೆಯಲ್ಲ, ಕೇಳಿಸ್ತು. ಹೌದು, ಬಸ್ಸೇ. ಬೆಳಿಗ್ಗೆ ಹೋಗಿ ಸಂಜೆ ದಹಿಸರ್‌ನ ನಮ್ಮನೆಗೇ ಮಲಗೋಕೆ ಬರಬಹುದಾದ ಬಸ್ಸು. ನಿನಗೆ ಬೇಕಾಗಿರೋದು ದೊಡ್ಡ ವಿಮಾನದ ಮುಂದೆ ನಿಂತ ಹೆಂಡತಿಯ ಫೋಟೋ ತಾನೆ? ಹಳೇವು ಬೇಕಾದಷ್ಟಿವೆ, ಅವನ್ನೇ ತೋರಿಸ್ಕೊಂಡು ತಿರುಗು.

ಇವತ್ತು ಪುಟ್ಟಿಯನ್ನ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ. ಟೀಚರಿಗೆ ಮೊದಲೇ ಫೋನ್ ಮಾಡಿ ಹೇಳಿಡು. ಅವರು ನನ್ನ ಮುಖ ನೋಡಿಲ್ಲ.

ಧಾತ್ರಿ