ಸೊಸೆಯ ಪಾಲಿನ ಗಂಜಿ

ಬಸ್ ಡಿಪೋ, ಏಳನೇ ಅಂಕಣ
ತಾರೀಕು ಹದಿನಾಲ್ಕು, ಬುಧವಾರ ಮಧ್ಯಾಹ್ನ

ನನ್ನ ಕಂದ,

ಹೇಗಿದ್ದೀಯಪ್ಪಾ? ಬೆಸುಗೆ ಹಾಕುವಾಗ ಕನ್ನಡಕ ಹಾಕಿಕೊಳ್ಳುತ್ತೀಯೋ, ಇಲ್ಲ ಹಿಂದಿನಂತೆ ಹಣೆಗೇರಿಸಿಕೊಂಡು ತಿರುಗುತ್ತೀಯೋ? ಔಷಧಿ ದೋಣಿಯವನನ್ನು ಕೇಳಿದರೆ "ಸ್ವಲ್ಪ ಕಪ್ಪಗಾಗಿದ್ದಾನೆ, ಅಷ್ಟೇ ಅಮ್ಮಾ" ಎನ್ನುತ್ತಾನೆ. ನೀನು ಬೆಳ್ಳಗಿದ್ದದ್ದು ಯಾವಾಗ? ಹೊತ್ತಿಗೆ ಸರಿಯಾಗಿ ಉಣ್ಣು. ಸೇತುವೆ ಮುಗಿಯದೆ ನೀನು ಈಚೆ ದಡಕ್ಕೆ ಬರುವಂತಿಲ್ಲ ಎಂದು ನನಗೂ ಗೊತ್ತು. ಆದರೂ ದೋಣಿ ಬಂದಾಗಲೆಲ್ಲ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ.

ನೆರೆ ಬಂದು ಈ ಡಿಪೋ ಸೇರಿ ನಾಲ್ಕು ತಿಂಗಳಾಯಿತು. ಒಂದು ಅಂಕಣವೆಂದರೆ ಒಂದು ಬಸ್ಸು ನಿಲ್ಲುವ ಜಾಗ, ಅದರಲ್ಲಿ ನಾನು, ಸೊಸೆ, ಪುಟ್ಟಿ ಮೂರು ಜೀವ ಇದ್ದೇವೆ. ಎಷ್ಟು ತೊಳೆದರೂ ನೆಲದ ಎಣ್ಣೆ ಜಿಡ್ಡು ಹೋಗುವುದಿಲ್ಲ, ಸೀರೆಯ ಅಂಚಿಗೆಲ್ಲ ಮೆತ್ತಿಕೊಂಡಿದೆ. ಪಕ್ಕದ ಅಂಕಣದ ಟೀಚರಮ್ಮ ಮಗಳ ಜೊತೆ ಹೊರಟುಹೋದ ಮೇಲೆ ನನಗೆ ಮಾತಿಗೆ ಜನವಿಲ್ಲ. ನಲವತ್ತು ವರ್ಷ ಮಿಷನ್ ತುಳಿದವಳು ನಾನು, ಊರಿನ ಅರ್ಧ ಹೆಂಗಸರ ಅಳತೆ ನನ್ನ ಬಾಯಲ್ಲಿತ್ತು. ಈಗ ಮಿಷನ್ನು ನೀರುಪಾಲಾಗಿ ಕೈಯಲ್ಲಿ ಒಂದು ಸೂಜಿ ಉಳಿದಿದೆ. ಸುತ್ತ ಮುನ್ನೂರು ಜನರಿದ್ದಾರೆ, ಮಗಾ, ಆದರೆ ಬೆಳಗಿನಿಂದ ಸಂಜೆವರೆಗೆ ಒಬ್ಬರೂ ನನ್ನನ್ನು ಏನನ್ನೂ ಕೇಳುವುದಿಲ್ಲ. ಹಾಗಾಗಿ ನನ್ನಷ್ಟಕ್ಕೆ ನಾನೇ ಗೊಣಗಿಕೊಳ್ಳುತ್ತೇನೆ, ಅದು ನಿನಗೆ ಹೊಸದಲ್ಲ ಬಿಡು.

ನಿನ್ನ ಪುಟ್ಟಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಆದರೆ ಅವಳ ವಿಷಯದಲ್ಲಿ ನಿನಗೆ ಸುಳ್ಳು ಬರೆಯಲಾರೆ. ಇಲ್ಲಿ ಶನಿವಾರಕ್ಕೊಮ್ಮೆ ನರ್ಸಮ್ಮ ಮಕ್ಕಳ ತೋಳಿಗೆ ಮೂರು ಬಣ್ಣದ ಒಂದು ಪಟ್ಟಿ ಸುತ್ತಿ ನೋಡುತ್ತಾರೆ. ಹಸಿರಿಗೆ ಬಂದರೆ ಚಿಂತೆಯಿಲ್ಲ, ಹಳದಿಯಾದರೆ ಎಚ್ಚರ, ಕೆಂಪಾದರೆ ಮಗುವಿನ ಜೀವಕ್ಕೇ ಅಪಾಯ. ಎರಡು ತಿಂಗಳ ಹಿಂದೆ ಪುಟ್ಟಿ ಹಸಿರಿನಲ್ಲಿದ್ದಳು. ಹೋದ ಶನಿವಾರ ಕೆಂಪಿಗೆ ಒಂದು ನೂಲೆಳೆಯಷ್ಟೇ ಬಾಕಿ. ಅತ್ತರೂ ಜೋರಾಗಿ ಅಳುವುದಿಲ್ಲ.

ಇಷ್ಟಕ್ಕೂ ಹಾಲೂಡಿಸುವ ತಾಯಂದಿರಿಗೆ ದಿನಕ್ಕೆರಡು ಹೊತ್ತು ಪುಷ್ಟಿಯ ಗಂಜಿ ಕೊಡುತ್ತಾರೆ, ಹಳೆಯ ಟಿಕೆಟ್ ಕೌಂಟರಿನ ಕೋಣೆಯಲ್ಲಿ. ಅಲ್ಲೇ ಕೂತು ಕುಡಿಯಬೇಕು, ಹೊರಗೆ ತರುವ ಹಾಗಿಲ್ಲ. ದೋಣಿಗಳು ಕಡಿಮೆಯಾದ ಮೇಲೆ ನಮ್ಮಂಥ ವಯಸ್ಸಾದವರಿಗೆ ಒಂದೇ ಹೊತ್ತು ಊಟ. ನೀರಿನ ಸಾಲಿನಲ್ಲಿ ನಾನೊಂದು ದಿನ ತಲೆಸುತ್ತಿ ಬಿದ್ದೆ, ನಿನಗೆ ಬರೆದಿರಲಿಲ್ಲ. ಅದರ ಮರುದಿನ ಸೊಸೆ ಒಂದು ಮುಚ್ಚಳದ ಡಬ್ಬಿ ತಂದು ನನ್ನ ಮುಂದಿಟ್ಟು "ಅತ್ತೆ, ಇವತ್ತಿಂದ ವಯಸ್ಸಾದವರಿಗೂ ಗಂಜಿ ಕೊಡ್ತಿದಾರೆ" ಎಂದಳು. ಸದ್ಯ, ನಮ್ಮನ್ನೂ ನೆನೆಸಿಕೊಂಡರಲ್ಲ ಎಂದು ಹಿಗ್ಗಿದೆ. ಆಮೇಲೆ ದಿನಾ ಎರಡು ಹೊತ್ತೂ ಡಬ್ಬಿ ಬಂತು. ನಾನೋ, ಅತಿ ಸಿಹಿ, ಗಂಟು ಕಟ್ಟಿದೆ ಎಂದು ಹೆಸರಿಡುತ್ತಲೇ ತಳ ಕಾಣುವವರೆಗೆ ಬಳಿದು ತಿಂದೆ.

ಹೋದ ಭಾನುವಾರ ಸೊಸೆ ರವಿಕೆ ಸಡಿಲವಾಗಿದೆ, ಒಂದು ಹೊಲಿಗೆ ಒಳಗೆ ಹಾಕಿಕೊಡಿ ಎಂದು ಬಂದಳು, ಅಳತೆ ಕೊಟ್ಟು ಮಗುವನ್ನೆತ್ತಿಕೊಂಡು ಗಂಜಿಗೆ ಹೋದಳು. ಒಂದು ತಿಂಗಳ ಹಿಂದೆಯೂ ಹಾಕಿಕೊಟ್ಟಿದ್ದೆ. ಆಗ, ನೆರೆನೀರು ಕುಡಿದ ಬಟ್ಟೆ ಹಿಗ್ಗಿದೆ ಎಂದುಕೊಂಡು ಸುಮ್ಮನಾಗಿದ್ದೆ. ಈ ಸಲ ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಹಿಡಿಯಬೇಕಾಯಿತು. ನನ್ನ ಜನ್ಮದಲ್ಲಿ ಹಾಲೂಡಿಸುವ ಹೆಂಗಸರ ರವಿಕೆ ಬಿಚ್ಚಿ ಅಗಲ ಮಾಡಿಕೊಟ್ಟಿದ್ದೇನೆಯೇ ಹೊರತು ಹೀಗೆ ಒಳಗೆ ಹಿಡಿದದ್ದಿಲ್ಲ. ನನಗೆ ರೇಗಿಹೋಯಿತು. ಸೂಜಿ ಅಲ್ಲೇ ಚುಚ್ಚಿಟ್ಟು ನೇರ ಟಿಕೆಟ್ ಕೋಣೆಗೆ ನುಗ್ಗಿ, ಅಷ್ಟು ಹೆಂಗಸರ ಎದುರಿಗೆ ನರ್ಸಮ್ಮನನ್ನು ತರಾಟೆಗೆ ತೆಗೆದುಕೊಂಡೆ. "ನಮ್ಮಂಥ ಮುದುಕಿಯರಿಗೆ ಎರಡು ಹೊತ್ತು ಡಬ್ಬಿ ತುಂಬಿಸಿ ಕಳಿಸ್ತೀರಿ, ಹಾಲು ಕೊಡೋಳಿಗೆ ಸರಿಯಾಗಿ ಬಡಿಸೋಕೆ ನಿಮಗೇನು ಕಷ್ಟ?" ಎಂದೆ. ಆಯಮ್ಮ ನನ್ನ ಮುಖವನ್ನೇ ನೋಡಿ, "ಅಜ್ಜಿ, ವಯಸ್ಸಾದವರಿಗೆ ನಾವು ಯಾವತ್ತು ಗಂಜಿ ಕೊಟ್ವಿ?" ಎಂದು ಮೆಲ್ಲಗೆ ಕೇಳಿದರು.

ನಿನ್ನ ಹೆಂಡತಿ ಮೂಲೆಯಲ್ಲಿ ಕೂತಿದ್ದಳು, ಮಗುವಿನ ಹೊದಿಕೆಯ ಅಡಿಯಲ್ಲಿ ಡಬ್ಬಿ. ಐವತ್ತು ದಿನ, ಮಗಾ. ಐವತ್ತು ದಿನ ನಾನು ನನ್ನ ಮೊಮ್ಮಗಳ ಹಾಲನ್ನೇ ತಿಂದೆ. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂಕಣಕ್ಕೆ ಕರೆದುಕೊಂಡು ಬಂದು ಬಾಯಿಗೆ ಬಂದ ಹಾಗೆ ಬೈದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡಳು. "ನಮ್ಮಮ್ಮನ್ನ ನೀರಿಗೆ ಕೊಟ್ಟೆ, ಅತ್ತೆ. ನಿಮ್ಮನ್ನೂ ಕಳ್ಕೊಳ್ಳಲಾ?" ಎಂದಳು, ಅಷ್ಟೇ. ಮದುವೆಯಾಗಿ ಬಂದ ಮೊದಲ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ದೊಡ್ಡವರದೆಲ್ಲ ಆದ ಮೇಲೆ ನಿನ್ನ ಊಟ ಎಂದು ಅವಳಿಗೆ ಹೇಳಿದವಳು ನಾನು. ನೀನು ಅದೇ ಹೊತ್ತಿಗೆ ಮುಖ ತೊಳೆಯುವ ನೆಪದಲ್ಲಿ ಎದ್ದುಹೋಗಿದ್ದೆ. ನಾವಿಬ್ಬರೂ ಮರೆತೆವು, ಅವಳು ಮರೆಯಲಿಲ್ಲ.

ಈಗ ನರ್ಸಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಕುಡಿಸುತ್ತಾರೆ. ಆದರೆ ಅವಳ ಹಟ ನಿನಗೆ ಗೊತ್ತಲ್ಲ. ಗಂಜಿ ಕುಡಿದು ಬಂದು, ಅದರ ಬದಲಿಗೆ ತನ್ನ ಊಟದ ತಟ್ಟೆಯನ್ನು ಪೂರ್ತಿ ನನ್ನ ಕಡೆಗೆ ತಳ್ಳುತ್ತಾಳೆ. ನಾನು ಮುಟ್ಟದಿದ್ದರೆ ಅವಳೂ ಮುಟ್ಟುವುದಿಲ್ಲ. ಹೊಟ್ಟೆ ತುಂಬಿದೆ ಎಂದರೆ ನಂಬುವುದಿಲ್ಲ, ಅತ್ತು ನೋಡಿದೆ, ಆಣೆ ಹಾಕಿ ನೋಡಿದೆ. ನಿನ್ನೆ ಇಡೀ ದಿನ ತಟ್ಟೆ ನಮ್ಮಿಬ್ಬರ ನಡುವೆ ತಣ್ಣಗಾಗುತ್ತಾ ಕೂತಿತ್ತು, ಪುಟ್ಟಿ ಬರಿದಾದ ಎದೆಯನ್ನು ಚೀಪಿ ಚೀಪಿ ಸೋತು ಮಲಗಿದಳು. ನನ್ನ ಹಸಿದ ಮುಖ ಕಣ್ಣೆದುರಿಗೆ ಇರುವವರೆಗೆ ಅವಳ ಗಂಟಲಿನಲ್ಲಿ ತುತ್ತು ಇಳಿಯುವುದಿಲ್ಲ. ಈ ಶನಿವಾರ ಮತ್ತೆ ತೋಳು ಅಳೆಯುತ್ತಾರೆ.

ನೀನು ಜಾಗ್ರತೆ. ಎತ್ತರದಲ್ಲಿ ಕೆಲಸ ಮಾಡುವಾಗ ಕೆಳಗೆ ನೋಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ನೀನು ಕಟ್ಟುವ ಸೇತುವೆ ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ಮಡಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ: ವಯಸ್ಸಾದವರನ್ನು ಬೇರೆ ಕಡೆಯ ಶೆಡ್ಡಿಗೆ ಸಾಗಿಸುತ್ತಿದ್ದಾರೆ, ನಾನೂ ಹೆಸರು ಬರೆಸಿದ್ದೇನೆ. ಅಲ್ಲಿ ಊಟ ಹೇಗೋ ಏನೋ, ನೀನು ಕೇಳಬೇಡ. ಸೊಸೆಗೆ, ದೋಣಿ ಹತ್ತಿ ಮಗನ ಹತ್ತಿರ ಹೋಗುತ್ತೇನೆ ಎಂದು ಸುಳ್ಳು ಹೇಳಿದ್ದೇನೆ. ಈ ಕಾಗದ ಕೈಗೆ ಸಿಕ್ಕ ತಕ್ಷಣ ಅವಳಿಗೆ ಬರೆ, ಅಮ್ಮ ಬಂದು ತಲುಪಿದಳು, ನನ್ನ ಜೊತೆಯಲ್ಲೇ ಇದ್ದಾಳೆ, ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಎಂದು. ವಾರಕ್ಕೊಂದರಂತೆ ಬರೆಯುತ್ತಲೇ ಇರು, ನನ್ನಿಂದ ನಿನಗೆ ಸುದ್ದಿ ಬಾರದೆ ಹೋದರೂ.