ಕಲ್ಲುಗುಡ್ಡೆಗೆ ಇಟ್ಟ ಕುಂಕುಮ

ಡಿಸೆಂಬರ್ 22, ಭಾನುವಾರ

ಇವತ್ತೂ ಚಪಾತಿ ಸೀಯಿಸಿದೆ. ಶಶಿ ಮೂರನ್ನೂ ತಿಂದ! ಮದುವೆಯಾಗಿ ಹದಿನೇಳು ದಿನ, ಹದಿನೇಳೂ ದಿನ ಹೀಗೇ. ಐ ಲವ್ ಹಿಮ್.

ತಿಂಡಿ ಆದ ಮೇಲೆ ಬೈಕಿನಲ್ಲಿ ಹೊಲಕ್ಕೆ. ಹೊಲದ ಹಿಂದಿನ ಗುಡ್ಡದಲ್ಲಿ — ಅಬ್ಬಾ! ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಸುತ್ತ ಜೋಡಿಸಿದ ವೃತ್ತಗಳು, ನಡುವೆ ಕಲ್ಲಿನ ಗುಡ್ಡೆಗಳು. ಹತ್ತಿಪ್ಪತ್ತು ಇರಬಹುದು. ಇವೆಲ್ಲಾ ಸಮಾಧಿಗಳೇ ಅಂತೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಊರವರು ಮೋರ್ಯರ ಮನೆ ಅನ್ನುತ್ತಾರೆ. ಸ್ಕೂಲಿನಲ್ಲಿ ನಮಗೆ ಸ್ಟೋನ್‌ಹೆಂಜ್ ಬಾಯಿಪಾಠ ಮಾಡಿಸಿದ್ದರು. ನಮ್ಮ ಚಳ್ಳಕೆರೆಯಿಂದ ಒಂದು ಬಸ್ಸಿನ ದೂರದಲ್ಲಿ ಇದಿದೆ ಅಂತ ಒಬ್ಬರೂ ಹೇಳಿರಲಿಲ್ಲ. ಕುಣಿದಾಡಿಬಿಟ್ಟೆ.

ಕುರಿ ಕಾಯುವ ಚಿನ್ನಯ್ಯಜ್ಜ ಅಲ್ಲೇ ಇದ್ದ. ಬಗ್ಗಿ ಒಂದು ಕಲ್ಲು ತೆಗೆದು ಗುಡ್ಡೆಯ ಮೇಲಿಟ್ಟ.

“ಈ ದಾರೀಲಿ ಹೋಗೋರು ಒಂದು ಕಲ್ಲು ಹಾಕ್ಬೇಕು ಸೊಸೆಮ್ಮ. ತಗೀಬಾರ್ದು. ಹಾಕ್ಬೇಕು ಅಷ್ಟೇ.”

“ಯಾರಿಗಜ್ಜಾ?”

“ಒಳಗೆ ಮಲಗಿರೋರಿಗೆ. ನಿಮ್ಮ ನೆಪ್ಪೈತೆ ಅಂತ ಹೇಳ್ದಂಗೆ.”

ನಾನೂ ಒಂದು ಇಟ್ಟೆ. ಸಂದಿಯಿಂದ ಹಾವು ಹೊರಬಂತು. ಕಿರುಚಿದೆ. ಅಜ್ಜ, “ಬಿಡ್ರಿ ಧಣೀ, ಅದರ ಪಾಡಿಗದು ಹೋಗ್ತೈತೆ” ಅಂದ. ಶಶಿ ಆಗಲೇ ಗುಡ್ಡೆಯದೇ ಕಲ್ಲು ಕಿತ್ತು ಅದರ ಮೇಲೆ ಹಾಕಿದ್ದ. ಸತ್ತ ಮೇಲೂ ಜಜ್ಜಿದ. ಏಳು ಸಲ, ಎಂಟು ಸಲ. ನನಗೋಸ್ಕರ! ಶರ್ಟಿನ ಮೇಲೆ ಬಿದ್ದ ರಕ್ತದ ಚುಕ್ಕೆಗಳನ್ನು ನಾನೇ ಉಜ್ಜಿ ತೊಳೆದೆ.

ಡಿಸೆಂಬರ್ 26

ರಾಂಪುರದಲ್ಲಿ ಟೆಂಪೋ ಒಂದು ನಮ್ಮ ಬೈಕಿಗೆ ಸವರಿತು. ಶಶಿ ಡ್ರೈವರನನ್ನು ಕಾಲರ್ ಹಿಡಿದು ಕೆಳಗೆಳೆದ. “ನನ್ ಹೆಂಡ್ತಿ ಕೂತವ್ಳೆ, ಕಾಣಲ್ವೇನಲೇ?” ತಲೆಯನ್ನು ಟೆಂಪೋ ಬಾಗಿಲಿಗೆ ಗುದ್ದಿಸಿದ. ಎರಡು ಸಲ. ಮೂಗಿನಿಂದ ರಕ್ತ ಧಾರೆ. ಜನ ನೋಡುತ್ತಿದ್ದರು… ನನಗೆ ಒಂಥರಾ ಹೆಮ್ಮೆ. ಆಮೇಲೆ ಐಸ್‌ಕ್ರೀಮ್ ಕೊಡಿಸಿದ. ಯಾಕೋ ಅರ್ಧ ಕಪ್ಪಿಗೇ ಬಿಟ್ಟೆ. ತಂಪಿಗಿರಬೇಕು.

ಡಿಸೆಂಬರ್ 30, ಸೋಮವಾರ, ಮಧ್ಯಾಹ್ನ

ಬೆಸ್ಟ್ ಡೇ! ಅಮಾವಾಸ್ಯೆ. ಬೆಳಿಗ್ಗೆ ಮಾವ ಟ್ರ್ಯಾಕ್ಟರಿಗೆ ಪೂಜೆ ಮಾಡಿಸಿದರು. ಮಾವ ಜಂಬುಲಿಂಗಪ್ಪನವರು ಅಂದರೆ ಸುತ್ತ ಹತ್ತು ಊರಿಗೆ ಶೇಂಗಾ ಮಂಡಿ ಧಣಿ. ಗಾಲಿಗಿಟ್ಟು ಉಳಿದ ನಿಂಬೆಹಣ್ಣು ತಟ್ಟೆಯಲ್ಲೇ ಇದ್ದವು. ನೋಡುತ್ತಿದ್ದಂತೆ ಐಡಿಯಾ ಬಂತು. ಗುಡ್ಡದಲ್ಲಿ ಮಲಗಿರುವ ಅಷ್ಟು ಹಳೆಯ ಹಿರಿಯರಿಗೆ ಯಾರೂ ಒಂದು ಹೂ ಇಟ್ಟಿಲ್ಲವಲ್ಲ! ಜೋಡಿಯಾಗಿ ನಮ್ಮ ಮೊದಲ ಪೂಜೆ ಅಲ್ಲೇ ಆಗಲಿ.

ಮೊಳಕಾಲ್ಮೂರು ಸೀರೆ ಉಟ್ಟೆ, ಆ ಕೆಂಪು ಅಂಚಿನದು. ಗುಡ್ಡೆಗೆ ವಿಭೂತಿ, ಅರಿಶಿನ, ಕುಂಕುಮ. ಕಾಯಿ ಒಡೆದೆವು. ನಿಂಬೆಹಣ್ಣು ಹೋಳು ಮಾಡಿ ಕುಂಕುಮ ಹಚ್ಚಿ ನಾಲ್ಕು ದಿಕ್ಕಿಗೂ ಇಟ್ಟೆ — ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂತು! ಶಶಿ ನಗುತ್ತಾ ನಗುತ್ತಾ ನನ್ನ ಮೊಬೈಲಿನಲ್ಲಿ ನಲವತ್ತು ಫೋಟೋ ತೆಗೆದ. ಎಲ್ಲವನ್ನೂ ಚಳ್ಳಕೆರೆಗೆ, ನನ್ನ ಗೆಳತಿ ಶಿಲ್ಪಾಗೆ ಕಳಿಸಿದೆ. “ಮದುವೆ ಗಿಫ್ಟ್ ಬಾಕಿ ಇದೆ ಕಣೇ, ಒಂದನ್ನು ಫ್ರೇಮ್ ಮಾಡಿಸ್ತೀನಿ” ಅಂದಳು.

ಒಂದೇ ಬೇಜಾರು. ಅವ್ವ ಕೊಟ್ಟ ಬೆಳ್ಳಿ ಕುಂಕುಮದ ಭರಣಿ ಕಾಣುತ್ತಿಲ್ಲ. ಮುಚ್ಚಳದ ಮೇಲೆ ನವಿಲಿದೆ. ಅಲ್ಲೇ ಬಿಟ್ಟು ಬಂದೆನೇನೋ. ನಾಳೆ ಹೋಗಿ ನೋಡಬೇಕು.

ಜನವರಿ 1

ಹೋಗಲಾಗಲಿಲ್ಲ. ಊರೆಲ್ಲ ಅದೇ ಮಾತು. ಯಾರೋ ಅಮಾವಾಸ್ಯೆ ದಿನ ಮೋರ್ಯರ ಮನೆಯಲ್ಲಿ ನಿಧಿ ಪೂಜೆ ಮಾಡಿದ್ದಾರಂತೆ. ಕುಂಕುಮ, ಕೊಯ್ದ ನಿಂಬೆಹಣ್ಣು… ಇನ್ನು ನರಬಲಿ ಕೊಡುತ್ತಾರಂತೆ. ಕೆಲಸದ ಪಾಪಕ್ಕ ಪಾತ್ರೆ ತೊಳೆಯುತ್ತಾ, “ಮಕ್ಕಳ್ನ ಹೊರಗೆ ಬಿಡ್ತಿಲ್ಲವ್ವ ಯಾರೂ” ಅಂದಳು.

ನನಗೆ ನಗು ಬಂತು. ಶಶಿಗೆ ಹೇಳಿದೆ, “ರೀ, ಅದು ನಾವೇ ಅಲ್ವಾ? ಹೇಳಿಬಿಡಿ.”

ಅವನು ನಗಲಿಲ್ಲ. “ಬಾಯಿ ಮುಚ್ಚು. ಜಂಬುಲಿಂಗಪ್ಪನ ಮನೆಯೋರು ನಿಧಿ ತೆಗ್ಯಾಕೆ ಹೊಂಟವ್ರೆ ಅಂದ್ರೆ ಮನೆಗೇ ಬೆಂಕಿ ಇಡ್ತಾರೆ.” ನನ್ನ ಮೊಬೈಲ್ ಕೇಳಿದ. ನಲವತ್ತೂ ಫೋಟೋ ಡಿಲೀಟ್. ಶಿಲ್ಪಾಗೆ ಕಳಿಸಿದ್ದು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಗೊತ್ತಿಲ್ಲ.

ಜನವರಿ 2, ರಾತ್ರಿ

ಬರೆಯುತ್ತೇನೆ. ಬರೆಯಲೇಬೇಕು.

ನಾಲ್ಕು ಗಂಟೆಗೆ ಅಂಗಳದಲ್ಲಿ ಗದ್ದಲ. ಮೂವತ್ತು ಜನ. ಮುಂದೆ ನನ್ನ ಮೈದುನ ವೀರೇಶ್. ಚಿನ್ನಯ್ಯಜ್ಜನನ್ನು ಟವೆಲ್ಲಿನಿಂದ ಕುತ್ತಿಗೆ ಬಿಗಿದು ಎಳೆದು ತಂದಿದ್ದರು. ನಮ್ಮ ಬೀದಿಯಲ್ಲೇ ಸಿಕ್ಕನಂತೆ. ವೀರೇಶ್ ಕೈ ಎತ್ತಿ ತೋರಿಸಿದ — ನನ್ನ ಭರಣಿ.

“ನಿಧಿ ಸಿಕ್ಕೈತಪ್ಪೋ ಇವನಿಗೆ! ಹಳೇ ಬೆಳ್ಳಿ! ಯಾವ ಮಗೂನ ಬಲಿ ಕೊಡಾಕಿದ್ದಲೇ?”

ಅಜ್ಜ ಮಾವನ ಕಡೆ ನೋಡಿದ. “ಧಣೀ, ಇದು ನಿಮ್ಮ ಸೊಸೆಮ್ಮಂದು. ಕೊಟ್ಟು ಹೋಗಾನ ಅಂತ್ಲೇ ಬರ್ತಿದ್ದೆ —”

ಮಾತು ಮುಗಿಯಲಿಲ್ಲ. ಶಶಿ ಬಾಯಿಗೇ ಹೊಡೆದ. ಮುಷ್ಟಿಯಿಂದ. ಹಲ್ಲು ಬಿದ್ದದ್ದು ಕಿಟಕಿಯಿಂದ ಕಂಡಿತು.

“ನಮ್ಮನೆ ಹೆಂಗಸ್ರ ಹೆಸರು ಎತ್ತೀಯೇನಲೇ?”

ಆಮೇಲೆ ಎಲ್ಲರೂ. ಒನಕೆ, ಚಪ್ಪಲಿ, ಟ್ರ್ಯಾಕ್ಟರಿನ ಸರಪಳಿ. ಅಜ್ಜ ಕೂಗುವುದನ್ನು ಬಿಟ್ಟ ಮೇಲೂ ಹೊಡೆದರು. ಯಾರೋ ಅಂದರು, “ಕಲ್ಲು ಮುಟ್ಟಿದ ಕೈ ಅದು.” ಬಲಗೈಯನ್ನು ತುಳಸಿಕಟ್ಟೆಯ ಅಂಚಿಗೆ ಚಾಚಿ ಹಿಡಿದರು. ವೀರೇಶ್ ಕಲ್ಲು ತಂದ. ಶಶಿ ಎತ್ತಿ ಹಾಕಿದ. ಹಾವಿಗೆ ಹಾಕಿದಂತೆಯೇ. ಅದೇ ತೋಳು, ಅದೇ ಉಸಿರು.

“ರೀ!” ಅಂತ ಒಂದೇ ಸಲ ಕೂಗಿದೆ. ಅತ್ತೆ ಹಿಂದಿನಿಂದ ಬಾಯಿ ಮುಚ್ಚಿದರು. ಅವರ ಕೈ ಹಿಂಗಿನ ವಾಸನೆ. ಕಚ್ಚಬಹುದಿತ್ತು. ಕಚ್ಚಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಶಶಿ ಭರಣಿ ತೊಳೆದು ತಂದು ಕೊಟ್ಟ. “ತಗೋ. ಸಿಕ್ತಲ್ಲ.”

ಜನವರಿ 6

ಅಜ್ಜ ಬಳ್ಳಾರಿ ಆಸ್ಪತ್ರೆಯಲ್ಲಿ ಇದ್ದಾನೆ. ಬಲಗೈ ಮಣಿಕಟ್ಟಿನಿಂದ ಕೆಳಗೆ ಕತ್ತರಿಸಿ ತೆಗೆದಿದ್ದಾರೆ. ಪೊಲೀಸರು ಕೇಸು ಹಾಕಿದ್ದಾರೆ — ಅವನ ಮೇಲೆ. ನಿಧಿ ಶೋಧ. ಹೊಡೆದವರು ಯಾರೆಂದು ಯಾರಿಗೂ ಗೊತ್ತಿಲ್ಲವಂತೆ. ಗುಣವಾದರೆ ನೇರ ಜೈಲು.

ಶಶಿಗೆ ಹೇಳಿದೆ, ನಾನೇ ಸ್ಟೇಷನ್ನಿಗೆ ಹೋಗುತ್ತೇನೆ ಅಂತ. ಕೂದಲು ಹಿಡಿದು ಗೋಡೆಗೆ ಗುದ್ದಿದ. ಎರಡು ಸಲ. ಆ ಟೆಂಪೋ ಡ್ರೈವರ್ ನೆನಪಾದ. ಅವನ ಮುಖ ಆವತ್ತು ನಾನು ನೋಡಿಯೇ ಇರಲಿಲ್ಲ.

ಮೊಬೈಲ್ ಒಡೆದು ಹಾಕಿದ. ಆಮೇಲೆ ಅತ್ತ. ನನ್ನ ಹಣೆಯ ಗಾಯಕ್ಕೆ ತಾನೇ ಅರಿಶಿನ ಹಚ್ಚಿದ. “ನಿನಗೋಸ್ಕರ ಕಾಂಚೂ, ಎಲ್ಲಾ ನಿನಗೋಸ್ಕರ.”

ಜನವರಿ 14, ಸಂಕ್ರಾಂತಿ

ಅತ್ತೆ ಕೈಗೆ ಎಳ್ಳು-ಬೆಲ್ಲ ಹಾಕಿದರು. “ಎಳ್ಳು ತಿಂದು ಒಳ್ಳೆ ಮಾತಾಡವ್ವ.” ಕಣ್ಣಲ್ಲಿ ಬೇರೆಯೇ ಇತ್ತು — ಮಾತೇ ಆಡಬೇಡ.

ಚಿನ್ನಕ್ಕ, ಅಜ್ಜನ ಹೆಂಡತಿ, ಬೆಳಿಗ್ಗೆಯಿಂದ ಗೇಟಿನ ಹೊರಗೆ ನಿಂತಿದ್ದಾಳೆ. ಬೈಯುವುದಿಲ್ಲ, ಅಳುವುದಿಲ್ಲ. ವೀರೇಶ್ ನೀರೆರಚಿ ಓಡಿಸಿದ. ಮತ್ತೆ ಬಂದಳು. ನಾನು ಎಳ್ಳು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

“ನಿಮ್ಮ ಸಾಮಾನು ನಿಮಗೆ ಸಿಕ್ತಾ ತಾಯೀ? ‘ಹೊಸ ಸೊಸೆ, ಕಳ್ಕಂಡ್ರೆ ಮನ್ಯಾಗೆ ಬೈತಾರೆ’ ಅಂತ ಎರಡು ದಿನ ಮಡಿಲಾಗಿಟ್ಕಂಡಿದ್ದ.”

ಎಳ್ಳು ಮುಷ್ಟಿಯಲ್ಲೇ ಒದ್ದೆಯಾಯಿತು.

ಜನವರಿ 16, ಬೆಳಿಗ್ಗೆ 10.20

ನಿನ್ನೆ ಕೊರಿಯರ್ ಬಂತು. ಶಶಿ ಮಂಡಿಯಲ್ಲಿದ್ದ. ಪಾಪಕ್ಕ ಹಿಟ್ಟಿನ ಚೀಲದ ಹಿಂದೆ ಬಚ್ಚಿಟ್ಟು ಕೊಟ್ಟಳು. ಶಿಲ್ಪಾಳ ಗಿಫ್ಟ್. ಗಾಜಿನ ದೊಡ್ಡ ಫ್ರೇಮ್. ಗುಡ್ಡೆ, ಕುಂಕುಮ, ನಿಂಬೆಹಣ್ಣು. ನಾನು ಹಲ್ಲು ಬಿಟ್ಟು ನಗುತ್ತಿದ್ದೇನೆ. ಎಡಗೈಯಲ್ಲಿ ನವಿಲಿನ ಭರಣಿ. ಮುಂದೆ ಕಲ್ಲಿನ ಮೇಲೆ ಶಶಿಯ ನೆರಳು, ಮೊಬೈಲ್ ಎತ್ತಿ ಹಿಡಿದದ್ದು. ಮೂಲೆಯಲ್ಲಿ ತಾರೀಖು.

ಹಜಾರದಲ್ಲಿ ಸಬ್ ಇನ್ಸ್‌ಪೆಕ್ಟರ್ ಕೂತಿದ್ದಾರೆ. ಮಾವನ ಹೇಳಿಕೆ ಬರೆದುಕೊಳ್ಳುತ್ತಿದ್ದಾರೆ. “ಹಳೇ ಬೆಳ್ಳಿ ಸಾಮಾನು ಸ್ವಾಮೀ, ನಮಗೆ ಗುರುತಿಲ್ಲ, ಗದ್ದಲದಾಗೆ ಎಲ್ಲೋ ಹೋಯ್ತು” ಅನ್ನುವುದು ಇಲ್ಲಿಗೆ ಕೇಳಿಸುತ್ತಿದೆ. ಗೋಡೆಗೆ ಒರಗಿ ಶಶಿ. ಗೇಟಿನಲ್ಲಿ ಚಿನ್ನಕ್ಕ, ಮೂರನೆಯ ದಿನ.

ಮಾವ ಕೂಗಿದರು, “ಏನವ್ವ ಕಾಂಚನಾ, ಕಾಫಿ ತರ್ತೀಯಾ?”

“ಬಂದೆ ಮಾವಾ” ಅಂದೆ. ಕಾಫಿ ಪಾಪಕ್ಕ ತರುತ್ತಾಳೆ. ಭರಣಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಶಶಿಗೂ ಸಬ್ ಇನ್ಸ್‌ಪೆಕ್ಟರ್ ಮುಂದಿನ ಟೀಪಾಯಿಗೂ ನಡುವೆ ನಾಲ್ಕು ಹೆಜ್ಜೆ. ಬಾಗಿಲಿನಿಂದ ನನಗೆ ಆರು.

ಭಯವಾಗುತ್ತಿದೆ. ಹಣೆಯ ಗಾಯ ಇನ್ನೂ ಮಾಗಿಲ್ಲ.

ಹಾಕಬೇಕು ಅಷ್ಟೇ ಅಂದಿದ್ದ ಅಜ್ಜ.

ಫ್ರೇಮ್ ಭಾರ ಇದೆ. ಎರಡೂ ಕೈ ಬೇಕು. ಪೆನ್ನು ಕೆಳಗಿಡುತ್ತೇನೆ.