ನನ್ನ ಕೆಮ್ಮನ್ನು ನಿಮ್ಮ ಕಂಪ್ಯೂಟರ್ ತಿದ್ದೀತೇ?

ಹೃದಯ ಸ್ಕ್ಯಾನ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ತಮ್ಮನ ಹೆಂಡತಿ ತಾಯವ್ವನ ಸ್ಕ್ಯಾನನ್ನು ದಯವಿಟ್ಟು ಇನ್ನೊಮ್ಮೆ ಮಾಡಿ. ಬರುವ ಸೋಮವಾರ ಅವಳ ಕೈಯ ರಕ್ತನಾಳದಿಂದ ಹೃದಯದವರೆಗೆ ನಳಿಕೆ ತೂರಿಸಿ ನೋಡುವುದೆಂದು ನಿಮ್ಮ ಆಸ್ಪತ್ರೆ ಗೊತ್ತುಮಾಡಿದೆ. ಅದಕ್ಕೆ ಆಧಾರ ನಿಮ್ಮ ಸ್ಕ್ಯಾನು. ಆ ಸ್ಕ್ಯಾನನ್ನು ಕೆಡಿಸಿದವನು ನಾನು.

ನಾವು ಮೂಡಲಗಿಯವರು. ಹೆಂಗಸರು ಕೂತಲ್ಲಿಗೆ ನಮ್ಮ ಮನೆಯ ಹಿರಿಯರು ಸುಮ್ಮನೆ ನುಗ್ಗುವುದಿಲ್ಲ; ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಾರೆ. ಒಳಗಿದ್ದವರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಇದೇ ಮರ್ಯಾದೆ ಎಂದು ನಂಬಿ ಬೀಗಿದವನು ನಾನು. ಸೊಸೆಯಾಗಿ ಬಂದಂದಿನಿಂದ ತಾಯವ್ವ ನನ್ನೆದುರು ಬರಿದಲೆಯಲ್ಲಿ ನಿಂತವಳಲ್ಲ.

ಸ್ಕ್ಯಾನಿನ ದಿನ ತಮ್ಮ ಗುರುಪಾದ ಔಷಧ ತರಲು ಹೋಗಿದ್ದ. ನಿಮ್ಮವರು ತಾಯವ್ವನ ಎರಡೂ ಕೈ ತಲೆಯ ಮೇಲೆ ಇರಿಸಿ ಮಲಗಿಸಿದ್ದರಂತೆ. ಕ್ಯಾಮೆರಾ ಅವಳ ಎದೆಯ ಸುತ್ತ ನಿಧಾನ ತಿರುಗುತ್ತಿತ್ತಂತೆ. ಬಾಗಿಲು ಅರ್ಧ ತೆರೆದಿತ್ತು. ಇಷ್ಟು ಹೊತ್ತೇಕೆ ಎಂದು ನಾನು ಎದ್ದು ಹೋಗಿ ಬಾಗಿಲ ಬದಿಗೆ ನಿಂತೆ, ಒಳಗೆ ಇಣುಕಲಿಲ್ಲ, ಕೆಮ್ಮಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದೆ. ಎಂಥ ಸಭ್ಯ ಮನುಷ್ಯ ನೋಡಿ!

ಹೃದಯದ ಒಂದು ಭಾಗಕ್ಕೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದು ವರದಿ ಬಂತು. ತಾಯವ್ವನನ್ನು ಮೊದಲಿನಿಂದ ನೋಡುವ ಗೋಕಾಕದ ಡಾಕ್ಟರರು ನೀವು ಕೊಟ್ಟ ಸಿ.ಡಿ. ಹಾಕಿ ನನಗೂ ತೋರಿಸಿದರು. ತಿರುಗುವ ಚಿತ್ರದ ನಡುವೆ ಹೃದಯ ಗಕ್ಕನೆ ಜಿಗಿದಿತ್ತು.

“ಇವರು ಅಲ್ಲಾಡ್ಯಾರ್ರಿ. ರಕ್ತ ಕಡಿಮಿ ಆಗಿದ್ದು ಖರೇನೂ ಇರಬಹುದು, ಅಲ್ಲಾಡಿದ್ದಕ್ಕ ಹಂಗ ಕಾಣಾಕತ್ತಿರಲೂಬಹುದು. ಇನ್ನೊಮ್ಮೆ ತಗಸ್ರಿ,” ಎಂದರು.

ಮನೆಗೆ ಬಂದು ತಾಯವ್ವನನ್ನು ಕೇಳಿದೆ. ಅಡುಗೆಮನೆಯ ಬಾಗಿಲ ಮರೆಯಿಂದಲೇ ಉತ್ತರ ಬಂತು: “ನೀವು ಕೆಮ್ಮಿದ್ರಲ್ರಿ ಬಾವಾರ, ಎದ್ದು ಸೆರಗ ಹೊತ್ಕೊಂಡ್ನಿ.” ಯಾಕೆ ಅಲುಗಾಡಿದೆ ಎಂದು ನಿಮ್ಮವರು ಗದರಿದಾಗ ಕೈ ನೋಯುತ್ತಿದೆ ಎಂದಿದ್ದಳಂತೆ. ನನ್ನ ಹೆಸರು ಎತ್ತಿರಲಿಲ್ಲ.

ನಿಮ್ಮ ವಿಭಾಗಕ್ಕೆ ಫೋನು ಮಾಡಿದೆ. “ಕಂಪ್ಯೂಟರಿನ್ಯಾಗ ಕರೆಕ್ಷನ್ ಮಾಡೇವ್ರಿ, ಚಿಂತಿ ಬ್ಯಾಡ,” ಎಂಬ ಸಮಾಧಾನ ಸಿಕ್ಕಿತು. ಸಣ್ಣಪುಟ್ಟ ಕದಲಿಕೆಯನ್ನು ಯಂತ್ರ ತಿದ್ದುತ್ತದಂತೆ, ಒಪ್ಪಿದೆ. ಬಾವನ ಕೆಮ್ಮಿಗೆ ಅರ್ಧ ಎದ್ದು ಕೂತವಳನ್ನೂ ತಿದ್ದುತ್ತದೆಯೇ? ರೋಗಿಯನ್ನು ಕೆಳಗಿಳಿಸುವ ಮೊದಲು ಚಿತ್ರ ನೆಟ್ಟಗಿದೆಯೋ ಇಲ್ಲವೋ ಎಂದು ಒಮ್ಮೆ ಕಣ್ಣಾಡಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅಲುಗಾಡಬಾರದೆಂಬ ಸೂಚನೆಯನ್ನು ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅಂಟಿಸಿದ್ದೀರಿ. ಗೋಡೆಗಂತೂ ಅದು ಚೆನ್ನಾಗಿ ಅರ್ಥವಾಗಿದೆ.

ನಿಮ್ಮನ್ನು ಬೈಯುವುದು ಸುಲಭ. ಬೈದು ಮುಗಿಸಿದ ಮೇಲೂ ನನ್ನ ಗಂಟಲು ನನ್ನ ಹತ್ತಿರವೇ ಇರುತ್ತದೆ. ತಾಯವ್ವ ಈಗ ಮಗಳು ಐಶ್ವರ್ಯಾಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ತೋರಿಸಿಕೊಡುತ್ತಿದ್ದಾಳೆ. ಪಡಸಾಲೆಯಲ್ಲಿ ಕೂತ ನನಗೆ ಅದು ಕೇಳಿಸುತ್ತದೆ. ನಳಿಕೆ ನಿಜಕ್ಕೂ ಬೇಕಿದ್ದರೆ ಹಾಕಲಿ. ನನ್ನ ಕೆಮ್ಮಿಗಾಗಿ ಅವಳು ಅದನ್ನು ಅನುಭವಿಸಬಾರದು.

ನಿನ್ನೆ ಹೇಳಿದೆ, “ಇನ್ನ ನನ್ನ ಮುಂದ ಸೆರಗ ಹೊರೂದು ಬ್ಯಾಡವಾ.”

“ನಾ ಹೂಂ ಅಂತೇನ್ರಿ ಬಾವಾರ. ಕೈ ಕೇಳಬೇಕಲ್ರಿ,” ಎಂದಳು. ಹಾಗೆನ್ನುವಾಗಲೂ ಸೆರಗು ಸರಿಪಡಿಸಿಕೊಂಡಳು.

ಆದ್ದರಿಂದ ಸೋಮವಾರಕ್ಕೆ ಮುಂಚೆ ಮತ್ತೆ ಸ್ಕ್ಯಾನ್ ಮಾಡಿ. ಮೊದಲೇ ಅವಳ ತಲೆಗೆ ಒಂದು ಬಟ್ಟೆ ಕಟ್ಟಿ. ಏಕೆ ಅಲುಗಾಡಬಾರದೆಂದು ಒಬ್ಬ ಹೆಣ್ಣುಮಗಳು ನಮ್ಮ ಮಾತಿನಲ್ಲಿ ತಿಳಿಸಿ ಹೇಳಲಿ. ಬಾಗಿಲು ಹಾಕಿಕೊಳ್ಳಿ. ನಾನು ಅವಳನ್ನು ನಿಮ್ಮ ಗೇಟಿನವರೆಗೆ ಬಿಟ್ಟು ರಸ್ತೆಯಾಚೆ ಹೋಗಿ ಕೂರುತ್ತೇನೆ. ಕೆಮ್ಮು ಬಂದರೆ ಅಲ್ಲೇ ನುಂಗಿಕೊಳ್ಳುತ್ತೇನೆ.

ಇಂತಿ,
ಮರ್ಯಾದೆಗೆಂದು ಕೆಮ್ಮಿದ
ಬಸವಲಿಂಗ, ಮೂಡಲಗಿ